ಅಜ್ಜನ ರಿವಾಲ್ವರಿಗೆ ಎಷ್ಟು ಬರಬಹುದು? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಶಿರಸಿ ಪೇಟೆಯಿಂದ ಒಳಗೆ, ಅಡಿಕೆ ತೋಟದ ಮಗ್ಗುಲಲ್ಲಿ. ಈ ಕಡೆಯವರಿಗೆ ಕೋವಿ ಹೊಸದಲ್ಲ. ಮಂಗ, ಹಂದಿ ಕಾಟಕ್ಕೆ ಬೆಳೆ ರಕ್ಷಣೆಯ ಲೈಸೆನ್ಸ್ ಮಾಡಿಸಿದ ಮನೆಗಳು ಬೇಕಾದಷ್ಟಿವೆ. ರಿವಾಲ್ವರ್ ಮಾತ್ರ ಅಪರೂಪ. ನಮ್ಮ ಅಜ್ಜನ ಹತ್ತಿರ ಒಂದಿತ್ತು. ಅದರ ಬೆನ್ನು ಹತ್ತಿ ನಾನು ಇಪ್ಪತ್ತು ವರ್ಷದಿಂದ ಹಳೆಯ ಕ್ಯಾಟಲಾಗು, ಹರಾಜಿನ ಪಟ್ಟಿ ಅಂತ ಓದುತ್ತಲೇ ಇದ್ದೇನೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ಯಾರಾದರೂ ಪಕ್ಕಕ್ಕೆ ಬಂದು ಇದನ್ನೇ ಕೇಳುತ್ತಾರೆ. ಒಂದೇ ಉತ್ತರವನ್ನು ಎಷ್ಟು ಸಲ ಹೇಳುವುದು? ಬರೆದೇ ಇಡೋಣ ಅನ್ನಿಸಿತು.

ಮನೆಯಲ್ಲಿ ಹಳೆಯ ರಿವಾಲ್ವರ್ ಇದೆ. ಎಷ್ಟು ಬೆಲೆ ಬರಬಹುದು?

ಫೋನಿನಲ್ಲಿ ಇದನ್ನು ಕೇಳುವುದೂ ಒಂದೇ, "ಅಡಿಕೆಗೆ ಎಷ್ಟು?" ಎಂದು ಕೇಳುವುದೂ ಒಂದೇ. ರಾಶಿಯೋ, ಚಾಲಿಯೋ, ಬೆಟ್ಟೆಯೋ, ಬಿಳೆಗೋಟೋ? ಒಂದೇ ತೋಟದ ಅಡಿಕೆಗೆ ನಾಲ್ಕು ದರ. ರಿವಾಲ್ವರಿನದೂ ಅದೇ ಕಥೆ. ಒಂದೇ ಕಾರ್ಖಾನೆ, ಒಂದೇ ವರ್ಷ, ಒಂದೇ ಮಾದರಿಯ ಎರಡು ಪೀಸುಗಳ ನಡುವೆ ಹತ್ತು ಪಟ್ಟು ವ್ಯತ್ಯಾಸ ಇರಬಹುದು.

ಆದರೆ ಬೆಲೆಗಿಂತ ಮೊದಲು ಒಂದು ಮಾತು ಕೇಳುತ್ತೇನೆ: ಕಾಗದ ಇದೆಯಾ? ಲೈಸೆನ್ಸ್ ಪುಸ್ತಕದಲ್ಲಿ ಆ ನಂಬರ್ ಇದೆಯಾ? ಇಲ್ಲ ಎಂದಾದರೆ ಬೆಲೆಯ ಮಾತು ಅಲ್ಲಿಗೇ ನಿಂತಿತು. ಮುಂದಿನ ಮಾತು ವಕೀಲರ ಹತ್ತಿರ.

ಕಡಿಮೆ ಸಂಖ್ಯೆಯಲ್ಲಿ ತಯಾರಾಗಿದ್ದರೆ ಬೆಲೆ ಜಾಸ್ತಿ, ಅಲ್ವಾ?

ಹಾಗೇನಿಲ್ಲ. ಯಾಕೆ ಕಡಿಮೆ ತಯಾರಾಯಿತು ಎಂಬುದನ್ನು ಮೊದಲು ನೋಡಬೇಕು.

ಅಮೆರಿಕದ ಕೋಲ್ಟ್ ವಾಕರ್ ತೆಗೆದುಕೊಳ್ಳಿ. 1847ರಲ್ಲಿ ತಯಾರಾಯಿತು. ಸೈನ್ಯಕ್ಕೆ 1,000, ಹೊರಗಿನವರಿಗೆ 100, ಒಟ್ಟು 1,100. ಸ್ಯಾಮ್ಯುಯೆಲ್ ಕೋಲ್ಟ್‌ನ ಮೊದಲ ಕಂಪನಿ ಆಗಲೇ ಮುಳುಗಿತ್ತು, ಸ್ವಂತ ಕಾರ್ಖಾನೆ ಇರಲಿಲ್ಲ. ಎಲಿ ವಿಟ್ನಿ ಜೂನಿಯರ್ ಕಾರ್ಖಾನೆಯಲ್ಲಿ ಮಾಡಿಸಿದ. ತೂಕ ಎರಡು ಕಿಲೋ ಹತ್ತಿರ. ಗುಂಡು ತುಂಬುವ ತಿರುಗು ಉರುಳೆ, ಅಂದರೆ ಸಿಲಿಂಡರಿನಲ್ಲಿ ಮದ್ದು ಜಾಸ್ತಿ ಹಿಡಿಯುತ್ತಿತ್ತು, ಆಗಿನ ಕಬ್ಬಿಣ ತಡೆಯಲಿಲ್ಲ, ಎಷ್ಟೋ ಒಡೆದುಹೋದವು. ಇರುವುದೇ ಸ್ವಲ್ಪ, ಅದರಲ್ಲಿ ಉಳಿದದ್ದು ಇನ್ನೂ ಸ್ವಲ್ಪ. ಹೊರಗಿನವರಿಗೆ ಮಾರಿದ ನೂರರಲ್ಲಿ ಒಂದು, ಪೆಟ್ಟಿಗೆ ಸಮೇತ ಉಳಿದದ್ದು, 2018ರಲ್ಲಿ 18.4 ಲಕ್ಷ ಡಾಲರಿಗೆ ಹೋಯಿತು.

ಇಂಗ್ಲೆಂಡಿನ ವೆಬ್ಲಿ ಫಾಸ್ಬರಿ ರಿವಾಲ್ವರಿನ ಕಥೆ ಬೇರೆ. ಅದನ್ನು ಯೋಚಿಸಿದ ಜಾರ್ಜ್ ಫಾಸ್ಬರಿ ನಮ್ಮ ದೇಶದ ನೀರು ಕುಡಿದವನೇ. ಬಂಗಾಳ ಸೈನ್ಯದಲ್ಲಿದ್ದ, ವಾಯವ್ಯ ಗಡಿಯ 1863ರ ಕಾಳಗದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದ. ಗುಂಡು ಹಾರಿದ ಒದೆತಕ್ಕೆ ನಳಿಗೆ ಮತ್ತು ಸಿಲಿಂಡರ್ ಎರಡೂ ಹಿಂದೆ ಜಾರಿ, ಸಿಲಿಂಡರಿನ ಮೈಮೇಲಿನ ಅಂಕುಡೊಂಕು ತೋಡಿನಿಂದ ಅದು ತಾನೇ ತಿರುಗಿ, ಮುಂದಿನ ಗುಂಡಿಗೆ ಸಿದ್ಧವಾಗುತ್ತಿತ್ತು. ಬಹಳ ಚಂದದ ಯೋಚನೆ. ಕೆಸರು, ಧೂಳು ತಾಗಿದರೆ ಮಾತ್ರ ಹಟ ಹಿಡಿಯುತ್ತಿತ್ತು. ಸೈನ್ಯ ಒಪ್ಪಲಿಲ್ಲ. 1901ರಿಂದ ಮಾರಾಟವಾದರೂ ತಯಾರಾದದ್ದು 5,000ದೊಳಗೆ. ಆರು ಗುಂಡಿನ .455 ಬೋರ್ (ಬೋರ್ ಎಂದರೆ ನಳಿಗೆಯ ಒಳ ಅಳತೆ, ಇಂಚಿನಲ್ಲಿ) ಅಲ್ಲಲ್ಲಿ ಕಾಣುತ್ತದೆ. ಎಂಟು ಗುಂಡಿನ .38 ಕಂಡರೆ ಸಂಗ್ರಾಹಕರಿಗೆ ನಿದ್ದೆ ಬರುವುದಿಲ್ಲ. ವ್ಯಾಪಾರದಲ್ಲಿ ಸೋತ ವಸ್ತು, ಸೋತದ್ದಕ್ಕೇ ಈಗ ದುಬಾರಿ.

ಮೂರನೆಯ ಬಗೆ, ಬೇಕೆಂದೇ ಒಂದೊಂದಾಗಿ ಮಾಡಿದ್ದು. ಸ್ಮಿತ್ ಆಂಡ್ ವೆಸನ್ 1935ರಲ್ಲಿ ತಂದ ರಿಜಿಸ್ಟರ್ಡ್ ಮ್ಯಾಗ್ನಮ್. ನಳಿಗೆ ಎಷ್ಟು ಉದ್ದ, ಗುರಿಯ ಕಡ್ಡಿ ಯಾವುದು, ಹಿಡಿ ಎಂಥದು, ಎಲ್ಲ ಗಿರಾಕಿ ಹೇಳಿದ ಹಾಗೆ. ನಮ್ಮ ಆಚಾರಿಗೆ ಕತ್ತಿ ಹೇಳಿ ಮಾಡಿಸಿದ ಹಾಗೆಯೇ. ಪ್ರತಿಯೊಂದಕ್ಕೂ ಒಂದು ನೋಂದಣಿ ನಂಬರ್, ಒಂದು ಪ್ರಮಾಣಪತ್ರ. 1930ರ ದಶಕ ಮುಗಿಯುವಾಗ ಇದು ನಿಂತಿತು. ಒಟ್ಟು 5,500ರ ಆಸುಪಾಸು. ಇದರಲ್ಲಿ ಆ ಪತ್ರ ಉಳಿದಿದೆಯೋ ಇಲ್ಲವೋ ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ.

"ಲಿಮಿಟೆಡ್ ಎಡಿಷನ್" ಎಂದು ಪೆಟ್ಟಿಗೆಯ ಮೇಲೇ ಬರೆದಿದ್ದರೆ?

ಸ್ವಲ್ಪ ಹುಷಾರು. 1960, 70ರ ದಶಕದಲ್ಲಿ ಕೋಲ್ಟ್ ಕಂಪನಿ ಯಾವ್ಯಾವುದೋ ಶತಮಾನೋತ್ಸವ, ಯಾರ್ಯಾರದೋ ನೆನಪು ಅಂತ ಬಂಗಾರದ ಬಣ್ಣದ ಅಕ್ಷರ ಕೊರೆದು ಒಂದರ ಹಿಂದೆ ಒಂದು ಮಾದರಿ ತಂದಿತು. ಕೊಂಡವರೆಲ್ಲ ಒಂದು ಗುಂಡೂ ಹಾರಿಸದೆ ಹಾಗೇ ಎತ್ತಿಟ್ಟರು. ಎಲ್ಲರೂ ಎತ್ತಿಟ್ಟರೆ ಎಲ್ಲವೂ ಉಳಿಯುತ್ತವೆ. ಉಳಿದ ಮೇಲೆ ಅಪರೂಪ ಎಲ್ಲಿಂದ ಬಂತು? ಅವುಗಳ ಬೆಲೆ ಕೊಂಡವರು ಅಂದುಕೊಂಡ ಹಾಗೆ ಏರಲಿಲ್ಲ. ಪೆಟ್ಟಿಗೆ ತೆರೆದು ನಾಲ್ಕು ಗುಂಡು ಹಾರಿಸಿದ್ದರಂತೂ ಆ "ಹೊಸತನ"ವೂ ಹೋಯಿತು.

ಬೆಲೆ ಕಟ್ಟುವವರು ಏನೇನು ನೋಡುತ್ತಾರೆ?

ಮೊದಲು, ಅದು ಹುಟ್ಟಿದ ಹಾಗೆಯೇ ಇದೆಯಾ ಎಂದು. ಇದೇ ದೊಡ್ಡದು. ಉಳಿದದ್ದೆಲ್ಲ ಆಮೇಲೆ.

ಕಾರ್ಖಾನೆಯಿಂದ ಬಂದಾಗ ಉಕ್ಕಿನ ಮೇಲೆ ಕಡುನೀಲಿ ಲೇಪ ಇರುತ್ತದೆ. ಅದರಲ್ಲಿ ನೂರಕ್ಕೆ ಎಷ್ಟು ಪಾಲು ಉಳಿದಿದೆ ಎಂದು ಲೆಕ್ಕ ಹಾಕುತ್ತಾರೆ. ನಳಿಗೆಯ ತುದಿ ಮತ್ತು ಸಿಲಿಂಡರಿನ ಅಂಚಿನಲ್ಲಿ ಸವೆದಿದ್ದರೆ ತಪ್ಪಿಲ್ಲ, ಚರ್ಮದ ಚೀಲಕ್ಕೆ ಹಾಕಿ ತೆಗೆದು ಅಲ್ಲಿ ಸವೆಯುವುದು ಸಹಜ. ಮೈ ಎಲ್ಲ ಸವೆದು ಅಂಚು ಮಾತ್ರ ಹೊಸದಿದ್ದರೆ ಅನುಮಾನ ಪಡಬೇಕು. ಆಮೇಲೆ ಅಕ್ಷರ ನೋಡಿ. ಮೂಲದಲ್ಲಿ ಕೊರೆದ ಅಕ್ಷರದ ಅಂಚು ಉಗುರಿಗೆ ತಾಗುತ್ತದೆ. ಯಾರೋ ಉಜ್ಜಿ ಮತ್ತೆ ಲೇಪ ಹಾಕಿಸಿದ್ದರೆ ಅಕ್ಷರ ಮಸುಕಾಗಿರುತ್ತದೆ, ಮೂಲೆಗಳು ಸಾಬೂನಿನ ಹಾಗೆ ದುಂಡಾಗಿರುತ್ತವೆ, ಸ್ಕ್ರೂ ಕೂರುವ ತೂತಿನ ಬಾಯಿ ತಟ್ಟೆಯ ಹಾಗೆ ಅಗಲವಾಗಿರುತ್ತದೆ. ಸ್ಕ್ರೂ ತಲೆ ಕಿತ್ತುಹೋಗಿದ್ದರೆ ಒಳಗೆ ಯಾರೋ ಕೈ ಹಾಕಿದ್ದಾರೆ ಎಂದರ್ಥ.

ನಂತರ ನಂಬರ್. ಹಳೆಯ ರಿವಾಲ್ವರುಗಳಲ್ಲಿ ಚೌಕಟ್ಟು, ನಳಿಗೆ, ಸಿಲಿಂಡರ್ ಮೇಲೆಲ್ಲ ನಂಬರ್ ಒತ್ತಿರುತ್ತಾರೆ. ಎಲ್ಲ ಒಂದೇ ಇರಬೇಕು. ಒಂದು ತಪ್ಪಿದರೆ ಅದು ಕೂಡಿಸಿ ಮಾಡಿದ್ದು.

ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಅಜ್ಜನದು .32 ಬೋರಿನ ವೆಬ್ಲಿ ಆಂಡ್ ಸ್ಕಾಟ್. ನೀಲಿ ಲೇಪ ಅಲ್ಲಲ್ಲಿ ಹೋಗಿ ಕಂದು ಬಣ್ಣ ತಿರುಗಿತ್ತು. ಒಂದು ನವರಾತ್ರಿಗೆ, ಆಯುಧ ಪೂಜೆಗೆ ಇಡುವಾಗ ಚೆನ್ನಾಗಿ ಕಾಣಲಿ ಅಂತ ನಾನು ಹುಣಸೆಹಣ್ಣು ಹಾಕಿ ತಿಕ್ಕಿದೆ! ಹಿತ್ತಾಳೆ ದೀಪ ತಿಕ್ಕಿದ ಹಾಗೆ. ಸಾಲದ್ದಕ್ಕೆ ಅದರ ಮೇಲೆ ಒದ್ದೆ ಅರಿಶಿನ ಕುಂಕುಮ. ವಾರದೊಳಗೆ ಕೆಂಪು ತುಕ್ಕು. ಗಾಬರಿಯಾಗಿ ಪರವೂರಿನ ಒಂದು ಅಂಗಡಿಗೆ ಒಯ್ದೆ. ಅವರು "ಹೊಸದರ ಹಾಗೆ ಮಾಡಿಕೊಡ್ತೇವೆ" ಎಂದು ಬಫಿಂಗ್ ಚಕ್ರಕ್ಕೆ ಹಿಡಿದು, ಮೇಲೆ ನಿಕಲ್ ಲೇಪ ಹಾಕಿ ಕೊಟ್ಟರು. ಸ್ಟೀಲ್ ಲೋಟದ ಹಾಗೆ ಥಳಥಳ. ಕಾರ್ಖಾನೆಯ ಗುರುತು ಅರ್ಧ ಅಳಿಸಿಹೋಗಿತ್ತು. ನಾನು ಖುಷಿಯಿಂದ ದುಡ್ಡು ಕೊಟ್ಟು ಬಂದೆ. ಮೂರು ವರ್ಷ ಬಿಟ್ಟು, ಗೊತ್ತಿದ್ದವರೊಬ್ಬರು ನೋಡಿ ಏನೂ ಹೇಳದೆ ವಾಪಸ್ ಕೈಗಿಟ್ಟರು. ಆಗ ಅರ್ಥವಾಯಿತು.

ಹಾಗಾಗಿ ಆಯುಧ ಪೂಜೆಗೆ ಇಡುವುದಾದರೆ ಇಡಿ. ಕುಂಕುಮ ಪೆಟ್ಟಿಗೆಗೆ ಹಚ್ಚಿ, ಕಬ್ಬಿಣಕ್ಕೆ ಬೇಡ.

ತುಕ್ಕು ಹಿಡಿದದ್ದಕ್ಕೆ ಬೆಲೆಯೇ ಇಲ್ಲವಾ?

ಕಥೆ ದೊಡ್ಡದಿದ್ದರೆ ತುಕ್ಕಿಗೂ ಬೆಲೆ. ಚಿತ್ರಕಾರ ವ್ಯಾನ್ ಗೋ ತನಗೆ ತಾನೇ ಗುಂಡು ಹೊಡೆದುಕೊಂಡದ್ದು ಇದರಿಂದಲೇ ಎಂದು ನಂಬಲಾದ ಒಂದು ಸಣ್ಣ ರಿವಾಲ್ವರ್ ಇದೆ. ರೈತನೊಬ್ಬನಿಗೆ ಹೊಲದಲ್ಲಿ ಸಿಕ್ಕಿದ್ದು. ಪೂರ್ತಿ ತಿಂದುಹೋಗಿದೆ, ಗುಜರಿಗೆ ಹಾಕಿದರೂ ತೂಕ ಬರುವುದಿಲ್ಲ. 2019ರಲ್ಲಿ ಪ್ಯಾರಿಸ್ಸಿನಲ್ಲಿ 1,62,500 ಯೂರೋಗೆ ಹೋಯಿತು. ಕವಿ ವರ್ಲೇನ್ 1873ರಲ್ಲಿ ಗೆಳೆಯ ರಿಂಬೋನ ಮೇಲೆ ಹಾರಿಸಿದ ರಿವಾಲ್ವರ್ 2016ರಲ್ಲಿ 4,34,500 ಯೂರೋ. ಬಿಲ್ಲಿ ದ ಕಿಡ್ ಎಂಬ ಪುಂಡನನ್ನು 1881ರಲ್ಲಿ ಕೊಂದ ಶೆರಿಫ್ ಪ್ಯಾಟ್ ಗ್ಯಾರೆಟ್‌ನ ಕೋಲ್ಟ್ 2021ರಲ್ಲಿ 60 ಲಕ್ಷ ಡಾಲರ್ ದಾಟಿತು. ಆ ಮಾದರಿ ಕೋಲ್ಟ್ ಲಕ್ಷಗಟ್ಟಲೆ ತಯಾರಾಗಿದೆ, ಅಪರೂಪವೇನಲ್ಲ. ದುಡ್ಡು ಬಿದ್ದದ್ದು ಆ ಒಂದು ರಾತ್ರಿಗೆ.

ಆದರೆ ಕಥೆಗೆ ಸಾಕ್ಷಿ ಬೇಕು. "ನಮ್ಮ ಮುತ್ತಜ್ಜನಿಗೆ ಬ್ರಿಟಿಷ್ ಕಲೆಕ್ಟರ್ ಕೊಟ್ಟದ್ದಂತೆ" ಎಂಬ ಮಾತು ನಾನು ಕುಮಟಾದಲ್ಲಿ ಕೇಳಿದ್ದೇನೆ, ಯಲ್ಲಾಪುರದಲ್ಲಿ ಕೇಳಿದ್ದೇನೆ, ನಮ್ಮ ಮನೆಯಲ್ಲೂ ಕೇಳಿದ್ದೇನೆ. "ಅಂತೆ"ಗೆ ಹರಾಜಿನಲ್ಲಿ ಕವಡೆ ಬೆಲೆ. ಪತ್ರ, ಫೋಟೋ, ಅಂಗಡಿ ಬಿಲ್ಲು, ಹಳೆಯ ಲೈಸೆನ್ಸ್ ಪುಸ್ತಕ ಬೇಕು. ಕೋಲ್ಟ್, ಸ್ಮಿತ್ ಆಂಡ್ ವೆಸನ್ ಆದರೆ ನಂಬರ್ ಕೊಟ್ಟು ಶುಲ್ಕ ಕಟ್ಟಿದರೆ, ಯಾವ ತಾರೀಕಿಗೆ ಯಾರಿಗೆ ಕಳುಹಿಸಿದ್ದು ಎಂದು ಹಳೆಯ ಲೆಕ್ಕ ನೋಡಿ ಪತ್ರ ಕೊಡುವ ವ್ಯವಸ್ಥೆಯೇ ಇದೆ.

ಪತ್ರಿಕೆಯಲ್ಲಿ ಬರುವ ಹರಾಜಿನ ಬೆಲೆಯನ್ನೇ ಹಿಡಿದುಕೊಳ್ಳಬಹುದಾ?

ಅದರಲ್ಲಿ ಹರಾಜಿನವರ ಕಮಿಷನ್ನೂ ಸೇರಿರುತ್ತದೆ. ವ್ಯಾನ್ ಗೋ ರಿವಾಲ್ವರಿಗೆ ಕೂಗಿದ್ದು 1,30,000. ಉಳಿದದ್ದು ಮೇಲಿನ ಖರ್ಚು. ಮಾರಿದವನ ಕೈಗೆ ಬರುವುದು ಇನ್ನೂ ಕಡಿಮೆ.

ನಕಲಿ ಗೊತ್ತಾಗುವುದು ಹೇಗೆ?

ನಮ್ಮ ದೇಶದ ಮಟ್ಟಿಗೆ ಮೂರು ಬಗೆ. ಒಂದು, ಸ್ಪೇನಿನ ಐಬಾರ್ ಪಟ್ಟಣದಲ್ಲಿ, ಬೆಲ್ಜಿಯಮ್ಮಿನಲ್ಲಿ ತಯಾರಾದ ಹಳೆಯ ನಕಲು. ನೋಡಲು ಸ್ಮಿತ್ ಆಂಡ್ ವೆಸನ್ ಹಾಗೆಯೇ. ಇಂಥ ಮಾದರಿಯ ಗುಂಡಿಗೆ ಎಂದು ಬರೆಯುವ ನೆಪದಲ್ಲಿ ಆ ಹೆಸರನ್ನು ದೊಡ್ಡದಾಗಿ ಕೊರೆದು, ತಮ್ಮ ಹೆಸರನ್ನು ಮೂಲೆಗೆ ಹಾಕಿರುತ್ತಾರೆ. ಎರಡು, ಈಗ ಪಾಕಿಸ್ತಾನದಲ್ಲಿರುವ ದರ್ರಾ ಊರಿನ ಕೈಕೆಲಸ. ಅಲ್ಲಿಯ ಕಮ್ಮಾರರು ವೆಬ್ಲಿಯನ್ನು ಅರದಿಂದಲೇ ಮಾಡಿಬಿಡುತ್ತಿದ್ದರು. ಇಂಗ್ಲಿಷ್ ಓದಲು ಬಾರದ್ದರಿಂದ ಅಕ್ಷರ ತಲೆಕೆಳಗು, ಕಾಗುಣಿತ ತಪ್ಪು. ಕೈಚಳಕಕ್ಕೆ ಮಾತ್ರ ಕೈ ಮುಗಿಯಬೇಕು. ಮೂರನೆಯದು ಕೆಟ್ಟದ್ದು: ಸಾಚಾ ಆಯುಧಕ್ಕೆ ಸುಳ್ಳು ಗುರುತು ಹೊಡೆಯುವುದು. ವಾಕರಿನ ಮೇಲೆ ಸೈನ್ಯದ ತುಕಡಿಯ ಗುರುತು ಇರುತ್ತದೆ, ಅದನ್ನೂ ಬಿಟ್ಟಿಲ್ಲ.

ಬ್ರಿಟಿಷ್ ಆಯುಧವಾದರೆ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್ ಪರೀಕ್ಷಾ ಕೇಂದ್ರದ ಮುದ್ರೆ ಹುಡುಕಿ. ಮಾರಿದ ಅಂಗಡಿಯ ಹೆಸರೂ ನಳಿಗೆಯ ಮೇಲೆ ಇರಬಹುದು. ಆರ್ಮಿ ಆಂಡ್ ನೇವಿ ಸ್ಟೋರ್ಸ್‌ನವರಿಗೆ ಬೊಂಬಾಯಿಯಲ್ಲೂ ಕಲ್ಕತ್ತದಲ್ಲೂ ಅಂಗಡಿ ಇತ್ತು, ಕಲ್ಕತ್ತದಲ್ಲಿ ಮ್ಯಾಂಟನ್, ರೊಡ್ಡಾ ಇದ್ದವು. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸ್ ಬಿಟ್ಟು ಬೊಂಬಾಯಿ ಪ್ರಾಂತಕ್ಕೆ ಸೇರಿತು. ಹಾಗಾಗಿ ಈ ಕಡೆಯ ಹಳೆಯ ಮನೆಗಳಲ್ಲಿ ಬೊಂಬಾಯಿ ಅಂಗಡಿಯ ಹೆಸರಿದ್ದರೆ ಮಾತು ಕೂಡುತ್ತದೆ.

ನೂರು ವರ್ಷ ಹಳೆಯದು. ಅದಕ್ಕೂ ಲೈಸೆನ್ಸ್ ಬೇಕಾ?

ಬೇಕು. ಇದನ್ನು ಯಾರೂ ನಂಬುವುದಿಲ್ಲ. ಅಮೆರಿಕದಲ್ಲಿ 1898ರವರೆಗೆ ತಯಾರಾದದ್ದನ್ನು ಹಳೆಯ ವಸ್ತು ಎಂದು ಬೇರೆ ಮಾಡಿ ನೋಡುತ್ತಾರೆ. ಅದನ್ನು ಯೂಟ್ಯೂಬಿನಲ್ಲಿ ನೋಡಿ ಇಲ್ಲಿಯೂ ಹಾಗೆಯೇ ಅಂದುಕೊಳ್ಳುತ್ತಾರೆ. ನಮ್ಮ 1959ರ ಆಯುಧ ಕಾಯ್ದೆಯಲ್ಲಿ ವಿನಾಯಿತಿ ಇರುವುದು, ಹಳೆಯದೋ ಕೆಟ್ಟದ್ದೋ ಆಗಿದ್ದು, ರಿಪೇರಿ ಮಾಡಿದರೂ ಮಾಡದಿದ್ದರೂ ಗುಂಡು ಹಾರಿಸಲು ಬಾರದ ಆಯುಧಕ್ಕೆ ಮಾತ್ರ. ಸ್ಪ್ರಿಂಗ್ ಹೋಗಿದೆ, ಹೊಸದು ಹಾಕಿದರೆ ನಡೆಯುತ್ತದೆ ಎಂದಾದರೆ ಅದು ಆಯುಧವೇ. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ ಎರಡರಿಂದ ಐದು ವರ್ಷ ಜೈಲು.

ಬೋರ್ ಕೂಡ ನೋಡಿ. .38 ಮತ್ತು .455 ಕೈ ಆಯುಧಗಳು ನಮ್ಮಲ್ಲಿ ನಿಷೇಧಿತ ಬೋರ್. ಸಾಮಾನ್ಯ ಲೈಸೆನ್ಸಿಗೆ ಬರುವುದಿಲ್ಲ. ಜನರ ಹತ್ತಿರ ಹೆಚ್ಚಾಗಿ .32 ಕಾಣುವುದು ಇದೇ ಕಾರಣಕ್ಕೆ. ಅಟ್ಟದ ಮೇಲೆ ಮಹಾಯುದ್ಧ ಕಾಲದ .455 ವೆಬ್ಲಿ ಸಿಕ್ಕಿದರೆ ಅದು ನಿಧಿ ಅಲ್ಲ, ತಲೆನೋವು. ಮೊದಲು ವಕೀಲರನ್ನು ಕಾಣಿ. ವಾಟ್ಸಾಪಿನಲ್ಲಿ ಫೋಟೋ ಹಾಕಿ "ಇದಕ್ಕೆ ಎಷ್ಟು?" ಎಂದು ಕೇಳಬೇಡಿ.

ಒಬ್ಬರು ಎಷ್ಟು ಇಟ್ಟುಕೊಳ್ಳಬಹುದು?

ಎರಡು. ಮೊದಲು ಮೂರಿತ್ತು, 2019ರ ತಿದ್ದುಪಡಿಯಲ್ಲಿ ಎರಡಾಯಿತು. ಪಿತ್ರಾರ್ಜಿತವಾದರೂ ಅದೇ ಲೆಕ್ಕ. ಮಂಗ ಓಡಿಸುವ ತೋಟೆ ಕೋವಿಯೂ ಇದರಲ್ಲೇ ಸೇರಿತು. ಅದೇ ತಿದ್ದುಪಡಿಯಲ್ಲಿ ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು, ಅಷ್ಟು ಸಮಾಧಾನ. ದೇವಿಮನೆ ಘಾಟಿ ಇಳಿದು, ಕುಮಟಾ ದಾಟಿ, ಅಂಕೋಲಾ ದಾಟಿ ಕಾರವಾರದ ಜಿಲ್ಲಾಧಿಕಾರಿ ಕಚೇರಿಗೆ ಹೋಗುವ ಸುತ್ತು ಸ್ವಲ್ಪ ಕಡಿಮೆಯಾಯಿತು.

ಅಪ್ಪನ ಹೆಸರಿನಲ್ಲಿದೆ. ನನ್ನ ಹೆಸರಿಗೆ ಹೇಗೆ?

ಅಪ್ಪ ಇರುವಾಗಲೇ ಮಾಡಿಸಿಕೊಳ್ಳಿ. 2016ರ ನಿಯಮದ ಪ್ರಕಾರ ಲೈಸೆನ್ಸ್ ಇರುವವರಿಗೆ 70 ವರ್ಷ ತುಂಬಿದರೆ, ಅಥವಾ ಆಯುಧ ಅವರ ಹತ್ತಿರ 25 ವರ್ಷ ಇದ್ದರೆ, ವಾರಸುದಾರರು ಅರ್ಜಿ ಹಾಕಬಹುದು. ತೀರಿಕೊಂಡ ಮೇಲೆ ಆದರೆ ಆಯುಧವನ್ನು ತಡಮಾಡದೆ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಹತ್ತಿರವೋ ಇಟ್ಟು, ಆಮೇಲೆ ಅರ್ಜಿ. ಉಳಿದ ವಾರಸುದಾರರ ಒಪ್ಪಿಗೆ ಪತ್ರ ಬೇಕಾಗುತ್ತದೆ. ತೋಟ ಪಾಲಾಗುವಾಗ ಇದನ್ನೂ ಮಾತಾಡಿ ಮುಗಿಸುವುದು ಲೇಸು.

ಹೊರಗಿನವರಿಗೆ ಮಾರುವುದಾದರೆ ಕೊಳ್ಳುವವರಿಗೂ ಲೈಸೆನ್ಸ್ ಇರಬೇಕು. ಜಿಲ್ಲಾಧಿಕಾರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ 45 ದಿನ ಕಳೆಯಬೇಕು. ಅಡ್ವಾನ್ಸ್ ಕೊಟ್ಟು ಇವತ್ತೇ ಒಯ್ಯುತ್ತೇನೆ ಎನ್ನುವವರಿಗೆ ಚಹಾ ಕೊಟ್ಟು ಕಳುಹಿಸಿ.

ಅಮೆರಿಕದ ಪುಸ್ತಕದಲ್ಲಿರುವ ಬೆಲೆ ಇಲ್ಲಿ ನಡೆಯುತ್ತದಾ?

ನಡೆಯುವುದಿಲ್ಲ, ಎರಡೂ ಕಡೆಯಿಂದ. 1980ರ ದಶಕದಿಂದ ಹೊರಗಿನ ಆಯುಧ ತರಿಸುವುದು ಸಾಮಾನ್ಯರಿಗೆ ಬಹುಮಟ್ಟಿಗೆ ಬಂದ್ ಆಯಿತು. ಹಾಗಾಗಿ ಅಲ್ಲಿ ಯಾರೂ ತಿರುಗಿ ನೋಡದ ಸಾಧಾರಣ .32 ವೆಬ್ಲಿಗೆ ಇಲ್ಲಿ ಭಾರಿ ಬೆಲೆ. ಕೊಳ್ಳುವವನಿಗೆ ಬೇಕಾದದ್ದು ನಡೆಯುವ, ಹೆಸರಿರುವ ವಿದೇಶಿ ಆಯುಧ. ನಿಕಲ್ ಹಾಕಿಸಿದ್ದೀರಾ, ಹಿಡಿ ಬದಲಿಸಿದ್ದೀರಾ ಎಂದು ಅವನು ಕೇಳುವುದೇ ಇಲ್ಲ. ನನ್ನ ಥಳಥಳ ವೆಬ್ಲಿಯನ್ನು ಕೇಳಿಕೊಂಡು ಬಂದವರಿದ್ದಾರೆ! ಅಲ್ಲಿಯ ಸಂಗ್ರಾಹಕ ನೋಡುವುದು ಲೇಪ, ನಂಬರ್, ಕಾಗದ. ಆದರೆ ಅವನಿಗೆ ಮಾರುವ ದಾರಿ ನಮಗಿಲ್ಲ. ನೂರು ವರ್ಷ ದಾಟಿದ ಪುರಾತನ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವುದನ್ನು 1972ರ ಕಾಯ್ದೆ ತಡೆಯುತ್ತದೆ.

ಕಾನ್ಪುರದ ನಿರ್ಭೀಕ್ ತೆಗೆದಿಟ್ಟರೆ ಮುಂದೆ ಬೆಲೆ ಬರುತ್ತದಾ?

2014ರಲ್ಲಿ ಬಂದಾಗ ಹೆಂಗಸರಿಗೆ ಎಂದು ಸುದ್ದಿಯಾದ .32 ರಿವಾಲ್ವರ್ ಅದು. ಅರ್ಧ ಕಿಲೋ ತೂಕ, ಆಗ ಸುಮಾರು 1.22 ಲಕ್ಷ ರೂಪಾಯಿ. ಸಂಗ್ರಹದ ಲೆಕ್ಕದಲ್ಲಿ ನಾನು ತೆಗೆದುಕೊಳ್ಳುವುದಿಲ್ಲ. ತೆಗೆದುಕೊಂಡವರು ಅದರ ಪೆಟ್ಟಿಗೆ, ಬಿಲ್ಲು ಎಸೆಯಬೇಡಿ.

ನಮ್ಮ ಹವೆಯಲ್ಲಿ ಕಾಪಾಡುವುದು ಹೇಗೆ?

ಕಾರವಾರದಲ್ಲಿ ಕಿಟಕಿಯ ಸರಳೇ ಉಪ್ಪು ಗಾಳಿಗೆ ಉದುರುತ್ತದೆ. ಶಿರಸಿಯಲ್ಲಿ ಉಪ್ಪಿಲ್ಲ, ಬದಲಿಗೆ ಆಷಾಢದಲ್ಲಿ ಬೂಷ್ಟು. ಎರಡೂ ಕಬ್ಬಿಣಕ್ಕೆ ವೈರಿಗಳೇ.

ಎಲ್ಲರೂ ಮಾಡುವ ಮೊದಲ ತಪ್ಪು, ಚರ್ಮದ ಚೀಲದೊಳಗೇ ಇಡುವುದು. ಚರ್ಮ ನೀರಿನ ಪಸೆ ಹಿಡಿದುಕೊಳ್ಳುತ್ತದೆ, ಹದ ಮಾಡಿದ ರಸಾಯನವೂ ಅದರಲ್ಲಿರುತ್ತದೆ. ಒಂದು ಮಳೆಗಾಲ ಸಾಕು, ಚೀಲದ ಹೊಲಿಗೆಯ ಗುರುತೂ ಉಕ್ಕಿನ ಮೇಲೆ ಮೂಡುತ್ತದೆ. ಚೀಲ ಬೇರೆ ಇಡಿ, ಆಯುಧ ಬೇರೆ ಇಡಿ. ಎರಡನೆಯ ತಪ್ಪು ಕೊಬ್ಬರಿ ಎಣ್ಣೆ. ಮನೆಯಲ್ಲಿ ಸಿಗುತ್ತದೆ ಅಂತ ಹಚ್ಚುತ್ತಾರೆ. ಅದು ಚಳಿಗೆ ಗಟ್ಟಿಯಾಗಿ, ಕಮಟಾಗಿ, ಕೊನೆಗೆ ಒಳಗಿನ ಸಂದಿಯಲ್ಲಿ ಅಂಟಾಗುತ್ತದೆ. ಬಂದೂಕಿಗೆಂದೇ ಮಾರುವ ಎಣ್ಣೆಯನ್ನು ಹತ್ತಿ ಬಟ್ಟೆಯಲ್ಲಿ ತೆಳ್ಳಗೆ ಸವರಿ. ಬರಿಗೈಯಲ್ಲಿ ಮುಟ್ಟಿದರೆ ಮತ್ತೆ ಒರೆಸಿ, ಬೆವರಿನಲ್ಲೂ ಉಪ್ಪಿದೆ. ಬೀಗದ ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಬಣ್ಣ ತಿರುಗಿದಾಗ ಒಣಗಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಹದಿನೈದು ದಿನಕ್ಕೊಮ್ಮೆ ತೆಗೆದು ನೋಡುತ್ತೇನೆ.

ಎಲೆಕ್ಷನ್ ಬಂದಾಗ ಠೇವಣಿ ಇಡಬೇಕಲ್ಲ?

ಆದೇಶ ಬಂದರೆ ಇಡಬೇಕು. ಇಡುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ನಂಬರ್ ಸಮೇತ ರಸೀದಿ ಕೇಳಿ. ದಪ್ಪಗೆ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ ಕೊಡಿ. ನನ್ನದು ಒಮ್ಮೆ ಹೊಸ ಗೀರಿನೊಂದಿಗೆ ವಾಪಸ್ ಬಂತು. ಯಾರನ್ನು ಕೇಳುವುದು? ಅಲ್ಲಿ ನೂರಾರು ಕೋವಿ, ಸೌದೆ ಒಟ್ಟಿದ ಹಾಗೆ.

ನಡೆಯುತ್ತದೋ ಇಲ್ಲವೋ, ಒಂದು ಗುಂಡು ಹಾರಿಸಿ ನೋಡಲಾ?

ಬೇಡ. ಕಪ್ಪು ಮದ್ದಿನ ಕಾಲದ ಆಯುಧಕ್ಕೆ ಈಗಿನ ತೋಟೆ ಹಾಕಿದರೆ ಒತ್ತಡ ತಾಳದೆ ಸಿಲಿಂಡರ್ ಒಡೆಯಬಹುದು. ಖಾಲಿ ಇರುವಾಗ ಟ್ರಿಗರ್ ಎಳೆದು ಟಕ್ ಟಕ್ ಮಾಡುವುದೂ ಬೇಡ, ಹಳೆಯ ಪಿನ್ನು ಮುರಿಯುತ್ತದೆ. ಮತ್ತೆ, ಖಾಲಿ ಇದೆ ಎಂದು ಯಾರು ಹೇಳಿದರೂ ಸಿಲಿಂಡರ್ ಬಿಚ್ಚಿ ನೀವೇ ಒಂದೊಂದೇ ಕಣ್ಣು ನೋಡಿ. ಹೇಳಿದವರು ದೇವರೇ ಆದರೂ.

ಎರಡೇ ಎಂದರೆ ಸಂಗ್ರಹ ಮಾಡುವುದಾದರೂ ಏನನ್ನು?

ಕಾಗದವನ್ನು. ಹಳೆಯ ಕ್ಯಾಟಲಾಗು, ಜಾಹೀರಾತಿನ ಹಾಳೆ, ಖಾಲಿ ಪೆಟ್ಟಿಗೆ, ಚೀಲ, ಎಣ್ಣೆ ಡಬ್ಬಿ, ಅಂಗಡಿ ಬಿಲ್ಲು, ಮುಗಿದುಹೋದ ಲೈಸೆನ್ಸ್ ಪುಸ್ತಕ. ಇದಕ್ಕೆ ಯಾರ ಅಪ್ಪಣೆಯೂ ಬೇಡ. ಆಯುಧ ಕಣ್ಣಾರೆ ನೋಡಬೇಕೆಂದರೆ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂ ಇದೆ.

ನನ್ನ ಹತ್ತಿರ ಇರುವುದು ಆ ನಿಕಲ್ ಹಾಕಿಸಿದ ವೆಬ್ಲಿ, ಒಂದು ತೋಟೆ ಕೋವಿ, ಮತ್ತೆ ಎರಡು ಟ್ರಂಕು ಕಾಗದ. ಹೋದ ವರ್ಷ ಅಟ್ಟ ಗುಡಿಸುವಾಗ ಅಡಿಕೆ ಲೆಕ್ಕದ ಕಡತದಲ್ಲಿ ವೆಬ್ಲಿ ಕೊಂಡ ಬೊಂಬಾಯಿ ಬಿಲ್ಲೇ ಸಿಕ್ಕಿತು. ನಂಬರ್ ಸರಿಯಾಗಿ ಕೂಡುತ್ತದೆ. ಬಿಲ್ಲಿನ ಬೆನ್ನಿಗೆ ಅಜ್ಜ ಪೆನ್ಸಿಲ್ಲಿನಲ್ಲಿ ಆ ವರ್ಷದ, ಅಡಿಕೆ ಕೊನೆ ಕೊಯ್ಯುವ ಕೊನೆಗೌಡನ ಕೂಲಿ ಲೆಕ್ಕ ಬರೆದಿದ್ದಾರೆ. ಎರಡು ಕಡೆ ತಪ್ಪಾಗಿ, ಮತ್ತೆ ಹೊಡೆದುಹಾಕಿ.